ಜನರೇಟರ್ ನಿಲ್ಲಿಸಿದ ಮೇಲೆ ಸಿಕ್ಕ ತಿಮಿಂಗಿಲ: ಹಲಾನಿಯಾತ್ ಟ್ರಿಪ್‌ಗಳ ನನ್ನ ಅನುಭವ

ತಿಮಿಂಗಿಲ ನೋಡಲು ಹೋಗುವ ದೋಣಿಯಲ್ಲಿ ರಾತ್ರಿ ಜನರೇಟರ್ ಆಫ್ ಮಾಡಿದರೆ ಒಬ್ಬ ಗೆಸ್ಟೂ ಎರಡನೇ ಸಲ ಬರುವುದಿಲ್ಲ ಅಂತ ಮಸ್ಕತ್‌ನಲ್ಲಿ ಡಾಲ್ಫಿನ್ ಟ್ರಿಪ್ ನಡೆಸುವ ಪರಿಚಯದವರೆಲ್ಲ ಹೇಳಿದ್ದರು. ಈಗ ನನ್ನ ಬುಕಿಂಗ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಜನ ಹಿಂದೆ ಬಂದವರೇ, ಇಲ್ಲವೇ ಅವರು ಕಳಿಸಿಕೊಟ್ಟವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ದೋಣಿ ಓಡಿಸುವುದು ಒಮಾನ್‌ನ ದಕ್ಷಿಣ ಕರಾವಳಿಯಲ್ಲಿ. ಮಿರ್ಬಾತ್‌ನಿಂದ ಹೊರಟು ಹಾಸಿಕ್, ಅಲ್ಲಿಂದ ಹಲಾನಿಯಾತ್ ದ್ವೀಪಗಳು, ಗಾಳಿ ಬಿಟ್ಟರೆ ಶುವೈಮಿಯಾವರೆಗೆ. ಒಂದು ಕಡೆ ಮರಳುಗಾಡಿನ ಬೋಳು ಬೆಟ್ಟ, ಇನ್ನೊಂದು ಕಡೆ ಅರಬ್ಬಿ ಸಮುದ್ರ. ಐದು ದ್ವೀಪಗಳಲ್ಲಿ ಜನ ಇರುವುದು ಒಂದರಲ್ಲಿ ಮಾತ್ರ. 1854ರಲ್ಲಿ ಸುಲ್ತಾನರು ಇವನ್ನು ಬ್ರಿಟನ್‌ಗೆ ಕೊಟ್ಟಿದ್ದರು, 1967ರಲ್ಲಿ ವಾಪಸ್ ಬಂದವು. ನಡುವೆ ಕೆಲವು ವರ್ಷ ಹಕ್ಕಿ ಹಿಕ್ಕೆಯ ಗೊಬ್ಬರ ತುಂಬಿಕೊಳ್ಳಲು ಹಡಗುಗಳು ಬರುತ್ತಿದ್ದವು.

ಇಲ್ಲಿಗೆ ಬರುವವರು ಕೇಳುವುದು ಹಂಪ್‌ಬ್ಯಾಕ್ ತಿಮಿಂಗಿಲ. ಬೇರೆ ಕಡೆಯ ಹಂಪ್‌ಬ್ಯಾಕ್‌ಗಳು ಮೇವಿಗೆ ಧ್ರುವದ ಕಡೆಗೆ ಹೋಗುತ್ತವೆ. ಇವು ಹೋಗುವುದಿಲ್ಲ, ವರ್ಷವಿಡೀ ಅರಬ್ಬಿ ಸಮುದ್ರದಲ್ಲೇ ಇರುತ್ತವೆ. ಆದರೆ ಒಮಾನ್ ತೀರದಲ್ಲಿ ಇರುವುದೇ ನೂರಕ್ಕಿಂತ ಕಡಿಮೆ ಅಂತ ಅಂದಾಜು. 1965–66ರಲ್ಲಿ ಸೋವಿಯತ್ ಹಡಗುಗಳು ಕಾನೂನು ಮೀರಿ ಈ ಸಮುದ್ರದಲ್ಲಿ 242 ಹಂಪ್‌ಬ್ಯಾಕ್‌ಗಳನ್ನು ಕೊಂದವು. ಆ ಪೆಟ್ಟಿನಿಂದ ಅವು ಇನ್ನೂ ಚೇತರಿಸಿಕೊಂಡಿಲ್ಲ. ಇಷ್ಟು ಕಡಿಮೆ ಪ್ರಾಣಿಯನ್ನು ಇಷ್ಟು ದೊಡ್ಡ ನೀರಿನಲ್ಲಿ ಬೈನಾಕ್ಯುಲರ್ ಹಿಡಿದು ಹುಡುಕಿದರೆ ಏನಾಗುತ್ತದೆ ಅಂತ ಮೊದಲ ಸೀಸನ್ ತೋರಿಸಿತು. ಏನೂ ಆಗಲಿಲ್ಲ.

ಆಗ ಬಾಡಿಗೆಗೆ ತೆಗೆದುಕೊಂಡಿದ್ದು ಎರಡು ಔಟ್‌ಬೋರ್ಡ್ ಇದ್ದ ಫೈಬರ್ ಬೋಟ್. ಬೆಳಗ್ಗೆ ಹೊರಟು ದಿನವಿಡೀ ಸುತ್ತಿ ದಡಕ್ಕೆ ವಾಪಸ್. ಗಂಟೆಗೆ 100 ಲೀಟರ್ ಹತ್ತಿರ ಪೆಟ್ರೋಲ್ ಕುಡಿಯುತ್ತಿತ್ತು. ಡಾಲ್ಫಿನ್ ಬೇಕಾದಷ್ಟು ಕಂಡವು, ತಿಮಿಂಗಿಲ ಒಂದೂ ಇಲ್ಲ. ಸೀಸನ್ ಮುಗಿಯುವಾಗ ಸಾವಿರದೈನೂರು ರಿಯಾಲ್ ಚಿಲ್ಲರೆ ಕೈಯಿಂದ ಹೋಗಿತ್ತು. ಒಂದು ಗುಂಪಿನವರಂತೂ ತಿಮಿಂಗಿಲದ ಜೊತೆ ಈಜಿಸುತ್ತೀರಿ ಅಂದುಕೊಂಡೇ ಬಂದಿದ್ದರು. ಆಗಲ್ಲ ಅಂದೆ. ಅರ್ಧ ದುಡ್ಡು ವಾಪಸ್ ಕೇಳಿದರು, ಕೊಟ್ಟೆ. ಈಜಿಸುವುದಿಲ್ಲ ಅನ್ನುವುದನ್ನು ಈಗಲೂ ಬದಲಾಯಿಸಿಲ್ಲ.

ಎರಡನೇ ಸೀಸನ್‌ಗೆ ಹಳೆಯ ಮರದ ಧೋ (ಅರಬ್ಬರ ಸಾಂಪ್ರದಾಯಿಕ ದೋಣಿ) ಹಿಡಿದೆ. ಆರು ನಾಟ್ ವೇಗ, ಎಂಟು ಗೆಸ್ಟ್, ಐದು ಜನ ಸಿಬ್ಬಂದಿ. ಹೈಡ್ರೋಫೋನ್ ತಂದೆ, ನೀರಿನೊಳಗಿನ ಸದ್ದು ಕೇಳಿಸುವ ಮೈಕ್ ಅದು. ಮೂರ್ನಾಲ್ಕು ಮೈಲಿಗೊಮ್ಮೆ ಎಂಜಿನ್ ನಿಲ್ಲಿಸಿ ನೀರಿಗೆ ಬಿಟ್ಟು ಕೇಳುವುದು. ದೋಣಿ ನಡೆಸುವ ನಮ್ಮ ನಾಖುದಾನಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ಸದೀಕ್ (ಗೆಳೆಯಾ), ಎಂಜಿನ್ ನಿಲ್ಲಿಸಿ ಕೂತರೆ ತಿಮಿಂಗಿಲ ತಾನಾಗಿ ಬರುತ್ತದಾ?" ಅಂತ ಪ್ರತಿ ಸಲ ಕೇಳುತ್ತಿದ್ದ. ಅವನ ಮಾತಲ್ಲೂ ಅರ್ಥವಿತ್ತು. ಹಗಲು ಮೀನುಗಾರರ ಔಟ್‌ಬೋರ್ಡ್‌ಗಳ ಸದ್ದೇ ಜಾಸ್ತಿ. ಚಳಿಗಾಲದಲ್ಲಿ ಬೆಲಾತ್ ಅಂತ ಗಾಳಿ ಬೀಸುತ್ತದೆ, ಮರುಭೂಮಿಯ ಧೂಳನ್ನೂ ಹೊತ್ತುಕೊಂಡು ಬಡಗಣದಿಂದ. ಅದು ಎದ್ದರೆ ಅಲೆ ದೋಣಿಯ ಹೊಟ್ಟೆಗೆ ಹೊಡೆಯುವ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಗೆಸ್ಟ್‌ಗಳು ವಾಂತಿ ಮಾಡಿಕೊಂಡು ಮಲಗಿಬಿಡುತ್ತಾರೆ.

ರಾತ್ರಿ ಕೇಳಬೇಕು ಅಂತ ಹೊಳೆದದ್ದು ಆಗಲೇ. ಕಡಲಿಗೆ ಚಾಚಿದ ಬೆಟ್ಟದ ಮರೆಯಲ್ಲಿ ಲಂಗರು ಹಾಕಿದರೆ ಬೆಲಾತ್ ಅಷ್ಟಾಗಿ ತಟ್ಟುವುದಿಲ್ಲ, ಮೀನುಗಾರರ ಓಡಾಟವೂ ಕಡಿಮೆ. ಅಡ್ಡಿ ಅಂದರೆ ನಮ್ಮದೇ ಜನರೇಟರ್. ಫೆಬ್ರವರಿಯಲ್ಲಿ ರಾತ್ರಿ ಡೆಕ್ ಮೇಲೆ ಇಪ್ಪತ್ತು ಡಿಗ್ರಿ ಆಸುಪಾಸು ಇರುತ್ತದೆ, ಏಸಿ ಯಾಕೆ ಬೇಕು? ಫ್ರೀಜರ್, ದೀಪ, ಫೋನ್ ಚಾರ್ಜಿಂಗ್‌ಗೆ ಬ್ಯಾಟರಿ ಮತ್ತು ಇನ್ವರ್ಟರ್ ಹಾಕಿಸಿದೆ. ಸುಮಾರು 300 ರಿಯಾಲ್ ಆಯಿತು. ರಾತ್ರಿ ಹತ್ತಕ್ಕೆ ಜನರೇಟರ್ ಬಂದ್.

ಮೊದಲು ಕೇಳುವುದು ಸೀಗಡಿಗಳ ಚಿಟಪಟ, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಅದರ ಹಿಂದೆ ಎಲ್ಲೋ ಒಂದು ಉದ್ದನೆಯ ನರಳು, ಆಮೇಲೆ ಏರುವ ಕೂಗು, ಮತ್ತೆ ಅದೇ ಸಾಲು. ಅದು ಹಂಪ್‌ಬ್ಯಾಕ್‌ನ ಹಾಡು, ಹಾಡುವುದು ಗಂಡು. ಚಿಕ್ಕ ಸ್ಪೀಕರ್‌ಗೆ ಹಾಕಿದರೆ ಗೆಸ್ಟ್‌ಗಳು ಹಾಸಿಗೆ ಬಿಟ್ಟು ಎದ್ದು ಬರುತ್ತಾರೆ. ಏಸಿ ಇಲ್ಲ ಅಂತ ಯಾರೂ ಗೊಣಗಿದ್ದು ನೆನಪಿಲ್ಲ.

ಒಂದೇ ಹೈಡ್ರೋಫೋನ್‌ನಿಂದ ದಿಕ್ಕು ಸಿಗುವುದಿಲ್ಲ, ಗೊತ್ತಲ್ವಾ. ರಾತ್ರಿ ಹಾಡು ಕೇಳಿದ್ದರೆ ಬೆಳಕು ಹರಿದ ಮೇಲೆ ತ್ರಿಕೋನದ ಮೂರು ಮೂಲೆಯಂತೆ ಮೂರು ಕಡೆ ನಿಂತು ಸದ್ದಿನ ಜೋರು ಹೋಲಿಸುತ್ತೇನೆ, ಜೋರಿದ್ದ ಕಡೆಗೆ ನಿಧಾನ ಹೋಗುತ್ತೇನೆ. ಹತ್ತಿರ ಬಂದಾಗ ಹೆಡ್‌ಫೋನ್ ಬೇಡ, ಕೆಳಗಿನ ಹಲಗೆಗೆ ಕಿವಿ ಕೊಟ್ಟರೆ ತಗ್ಗು ಸ್ವರ ಬರುತ್ತದೆ. ಅಲ್ಲಿ ನ್ಯೂಟ್ರಲ್. ಹಾಡು ಮಂಕಾಗುತ್ತಾ ಬಂದರೆ ಕ್ಯಾಮೆರಾ ಎತ್ತಿಕೊಳ್ಳಿ ಅನ್ನುತ್ತೇನೆ, ಅದು ಉಸಿರಿಗೆ ಮೇಲೆ ಬರುತ್ತಿದೆ ಅಂತ ಲೆಕ್ಕ. ನೂರು ಮೀಟರ್‌ಗಿಂತ ಹತ್ತಿರ ನಾವಾಗಿ ಹೋಗುವುದಿಲ್ಲ. ಬಾಲದ ಅಡಿಯ ಕಪ್ಪು ಬಿಳುಪು ಒಂದೊಂದಕ್ಕೂ ಬೇರೆ. ಆ ಫೋಟೋ ಸಿಕ್ಕರೆ ಸಂಶೋಧಕರಿಗೆ ಕಳಿಸುತ್ತೇನೆ.

ಲಂಗರು ಹಾಕುವ ಆ ಎರಡು ಮೂರು ಜಾಗ ಯಾವುದು ಅಂತ ಮಾತ್ರ ಹೇಳುವುದಿಲ್ಲ. ಕೇಬಲ್ಲನ್ನು ದೋಣಿಯಿಂದ ದೂರ ಇಡಲು ರಬ್ಬರ್ ಹಗ್ಗ ಮತ್ತು ತೇಲುಬುರುಡೆ ಹೇಗೆ ಕಟ್ಟುತ್ತೇನೆ ಅನ್ನುವುದೂ ನನ್ನ ಹತ್ತಿರವೇ ಇರಲಿ. ಹತ್ತು ಬೋಟ್ ಒಂದೇ ತಿಮಿಂಗಿಲದ ಸುತ್ತ ನಿಂತರೆ ಅದಕ್ಕೂ ಹಿಂಸೆ. ಈಗಾಗಲೇ ಇಲ್ಲಿನ ತಿಮಿಂಗಿಲಗಳಲ್ಲಿ ನೂರಕ್ಕೆ 30–40ರ ಮೈಮೇಲೆ ಬಲೆಗೆ ಸಿಕ್ಕಿದ್ದಿರಬಹುದಾದ ಗಾಯದ ಗುರುತಿದೆ.

ಈ ವಿಧಾನದಲ್ಲಿ ಮೂರರಲ್ಲಿ ಎರಡು ಟ್ರಿಪ್‌ಗಳಲ್ಲಿ ಹಾಡು ಕೇಳಿಸಿದೆ, ಅರ್ಧದಷ್ಟರಲ್ಲಿ ತಿಮಿಂಗಿಲ ಕಂಡಿದೆ. ಈ ತೀರದಲ್ಲಿ ಇಷ್ಟು ಸಿಗುವ ಬೇರೆ ಟ್ರಿಪ್ ನನಗೆ ಗೊತ್ತಿಲ್ಲ.

ಹಾಡಿಲ್ಲದ ದಿನಕ್ಕೆ ಬೇರೆ ಪ್ರಯೋಗ ಮಾಡುತ್ತಿರುತ್ತೇನೆ. ಬೂತಾಯಿ ಮೀನು ಅರೆದು ಎಣ್ಣೆ ಸಮೇತ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿಸಿ, ಈರುಳ್ಳಿ ಚೀಲದಲ್ಲಿ ಹಾಕಿ ದೋಣಿ ಹಿಂದೆ ತೇಲಿಬಿಡುತ್ತೇನೆ. ಕರಗುತ್ತಾ ವಾಸನೆ ಹರಡುತ್ತದೆ. ಮುಕ್ಕಾಲು ಗಂಟೆಯಲ್ಲಿ ಕಡಲಹಕ್ಕಿಗಳಾದ ಪರ್ಷಿಯನ್ ಶಿಯರ್‌ವಾಟರ್‌ಗಳು ಬರುತ್ತವೆ, ಅದೃಷ್ಟ ಇದ್ದರೆ ಜುವಾನಿನ್ ಪೆಟ್ರೆಲ್ ಕೂಡ. ಹಕ್ಕಿ ಫೋಟೋಗ್ರಾಫರ್‌ಗಳಿಗೆ ಇದೊಂದೇ ಸಾಕು. ಹಾಸಿಕ್ ಬಳಿ ಬೆಳಗ್ಗೆ ದೋಣಿಯಿಂದಲೇ ಸ್ಕೋಪ್ ಇಟ್ಟು ಬಂಡೆಗಳ ಮೇಲೆ ಕಾಡುಮೇಕೆ ಹುಡುಕುತ್ತೇವೆ. ಪೀಜೋ ಡಿಸ್ಕ್ (ಸದ್ದನ್ನು ವಿದ್ಯುತ್ತಾಗಿಸುವ ಬಿಲ್ಲೆ) ಮತ್ತು ಎಪಾಕ್ಸಿ ಅಂಟಿನಲ್ಲಿ ಐದಾರು ರಿಯಾಲ್‌ಗೆ ನಾನೇ ಒಂದು ಹೈಡ್ರೋಫೋನ್ ಮಾಡಿದ್ದೆ. ಡಾಲ್ಫಿನ್ ಸೀಟಿ ಚೆನ್ನಾಗಿ ಬಂತು, ತಗ್ಗು ಸ್ವರ ಏನೇನೂ ಬರಲಿಲ್ಲ.

ಮಂಗಳೂರು, ಉಡುಪಿ ಕಡೆಯ ಗೆಸ್ಟ್ ಬಂದರೆ ಲುಬಾನ್ ಕತೆ ಹೇಳಲೇಬೇಕು. 2017ರಲ್ಲಿ ಒಮಾನ್‌ನಲ್ಲಿ ಸ್ಯಾಟಲೈಟ್ ಟ್ಯಾಗ್ ಹಾಕಿದ ಆ ಹೆಣ್ಣು ತಿಮಿಂಗಿಲ ಅರಬ್ಬಿ ಸಮುದ್ರ ದಾಟಿ ಭಾರತದ ದಕ್ಷಿಣ ತುದಿಯವರೆಗೆ ಹೋಗಿತ್ತು. ನಮ್ಮೂರಿನ ಸಮುದ್ರವೂ ಇದೇ ಅಲ್ವಾ ಅಂತ ಜನ ಕೂತು ಕೇಳುತ್ತಾರೆ.

ದುಡ್ಡಿನ ಲೆಕ್ಕ: ನಾಲ್ಕು ರಾತ್ರಿಗೆ ತಲೆಗೆ 450 ರಿಯಾಲ್, ಎಂಟು ಜನ ತುಂಬಿದರೆ 3,600. ದೋಣಿ ಮತ್ತು ಸಿಬ್ಬಂದಿಗೆ 1,900 ಆಸುಪಾಸು, ಡೀಸೆಲ್ 300, ಊಟ ನೀರು 250, ಸಲಾಲಾದಿಂದ ವ್ಯಾನ್ ಮತ್ತು ಸಣ್ಣಪುಟ್ಟದ್ದು 200. ಒಂಬೈನೂರು ಚಿಲ್ಲರೆ ಉಳಿಯುತ್ತದೆ. ಆರೇ ಜನ ಬಂದರೆ ಏನೂ ಉಳಿಯುವುದಿಲ್ಲ. ಜನರೇಟರ್ ನಿಲ್ಲಿಸಿದ್ದರಿಂದಲೇ ಟ್ರಿಪ್‌ಗೆ 40 ರಿಯಾಲ್ ಹತ್ತಿರ ಡೀಸೆಲ್ ಉಳಿತಾಯ, ಬ್ಯಾಟರಿ ದುಡ್ಡು ಒಂದೇ ಸೀಸನ್‌ನಲ್ಲಿ ವಾಪಸ್ ಬಂತು.

ಈಗಿನ ತಲೆನೋವು ಕ್ಯಾಲೆಂಡರ್. ಹಾಡು ಜೋರಿರುವುದು ಫೆಬ್ರವರಿ, ಮಾರ್ಚ್. 2025ರಿಂದ ರಂಜಾನ್ ಅದರ ಮೇಲೇ ಬೀಳುತ್ತಿದೆ. ಉಪವಾಸದಲ್ಲಿರುವ ಸಿಬ್ಬಂದಿಯನ್ನು ಹಗಲಿಡೀ ದುಡಿಸಲು ನನಗೆ ಮನಸ್ಸಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಖರೀಫ್ ಅಂದರೆ ಮುಂಗಾರು, ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ. ಹಾಗಾಗಿ ಕೆಲವು ಟ್ರಿಪ್‌ಗಳನ್ನು ಜನವರಿಗೆ ತಂದು, ತಲೆಗೆ 400 ರಿಯಾಲ್ ಇಟ್ಟು ನೋಡುತ್ತೇನೆ. ನಾಖುದಾ ಒಪ್ಪಿದ್ದಾನೆ. ಇನ್ನೊಂದು ಹೈಡ್ರೋಫೋನ್ ತಗೋ ಅಂತ ಈ ಸಲ ಹೇಳಿದವನೇ ಅವನು.