ಕಾರಿನ ಇನ್ಶೂರೆನ್ಸ್ ಕಟ್ಟುವ ಮೊದಲು ಆ ಕಾಗದ ಒಮ್ಮೆ ಓದಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ನಮ್ಮ ಮನೆ. ಸಹಕಾರಿ ಸಂಘದಲ್ಲಿ ನಾನು ಕ್ಲರ್ಕ್. ಕಾರಿನ ರಿನ್ಯೂವಲ್ ಕಾಗದ ಬಂತೆಂದರೆ ಸುತ್ತಲಿನವರು ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಕಾಗದ ಇರುವುದು ಇಂಗ್ಲಿಷಿನಲ್ಲಿ, ಏಜೆಂಟರು ಫೋನ್ ಮಾಡಿ ಹೇಳುವುದು ಮಲಯಾಳದಲ್ಲಿ, ನಮ್ಮವರು ಶಾಲೆಯಲ್ಲಿ ಓದಿದ್ದು ಕನ್ನಡ. ಕೊನೆಗೆ ಎಲ್ಲರೂ ಕೆಳಗಿನ ಮೊತ್ತ ಮಾತ್ರ ನೋಡಿ ಕಟ್ಟಿಬಿಡುತ್ತಾರೆ. ಹಣ ಉಳಿಯುವ ಜಾಗ ಇರುವುದು ಆ ಮೊತ್ತದ ಮೇಲಿನ ಸಾಲುಗಳಲ್ಲಿ.

ಹೋದ ವರ್ಷ ಜೂನ್‌ನಲ್ಲಿ ನಮ್ಮ ಅಪ್ಪಚ್ಚಿ (ಚಿಕ್ಕಪ್ಪ) ಜಗಲಿಗೆ ಬಂದು ಎರಡು ಕಾಗದ ಮುಂದಿಟ್ಟರು. "ಇದರ್ಲಿ ಎಂತ ಬರದ್ದು ಹೇಳಿ ಒಂದಾರಿ ನೋಡು ಮಗಳೇ" ಎಂದರು. ಅವರದು ಹಳೆಯ ವ್ಯಾಗನಾರ್, 998 ಸಿಸಿ. ಎರಡನೆಯ ಕಂಪನಿಯದು 900 ರೂಪಾಯಿ ಕಡಿಮೆ, ಅದನ್ನೇ ಕಟ್ಟುವುದೆಂದು ಅವರು ತೀರ್ಮಾನಿಸಿಯೂ ಆಗಿತ್ತು. ನಾನು ಐಡಿವಿ ಎಂಬ ಸಾಲಿನ ಮೇಲೆ ಬೆರಳಿಟ್ಟೆ. ಒಂದರಲ್ಲಿ 2,40,000. ಇನ್ನೊಂದರಲ್ಲಿ 1,70,000.

ಐಡಿವಿ ಎಂದರೆ ಕಾರು ಕಳವಾದರೆ ಅಥವಾ ರಿಪೇರಿಗೂ ಬಾರದಷ್ಟು ಹಾಳಾದರೆ ನಿಮಗೆ ಸಿಗಬಹುದಾದ ಗರಿಷ್ಠ ಮೊತ್ತ. ಹೊಸ ಕಾರಿಗೆ ಅದನ್ನು ಲೆಕ್ಕ ಹಾಕುವ ಕ್ರಮ ಇದೆ: ಆರು ತಿಂಗಳವರೆಗೆ ಶೇ. 5 ಸವಕಳಿ, ಒಂದು ವರ್ಷದವರೆಗೆ ಶೇ. 15, ಹೀಗೆ ಏರುತ್ತಾ ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ. 50. ಐದು ವರ್ಷ ದಾಟಿದ ಮೇಲೆ ನೀವೂ ಕಂಪನಿಯೂ ಒಪ್ಪಿಕೊಂಡ ಮೊತ್ತವೇ ಐಡಿವಿ. ಅಲ್ಲೇ ಅದನ್ನು ಕೆಳಗಿಳಿಸಿ "ನಮ್ಮಲ್ಲಿ ಅಗ್ಗ" ಎನ್ನುತ್ತಾರೆ. 900 ರೂಪಾಯಿ ಉಳಿಸಲು ಹೋಗಿ ಅಪ್ಪಚ್ಚಿ 70,000 ಬಿಟ್ಟುಕೊಡುತ್ತಿದ್ದರು. ಎರಡನೆಯ ಕಂಪನಿಗೆ ಫೋನ್ ಮಾಡಿ ಐಡಿವಿ 2,40,000ಕ್ಕೆ ಹಾಕಿ ಕೊಡಿ ಎಂದು ಕೇಳಿದೆವು. ಹೊಸ ಕಾಗದ ಬಂದಾಗ ವ್ಯತ್ಯಾಸ ಬರೀ 150 ರೂಪಾಯಿ.

ಹಾಗಾಗಿ ಮೂರು ಕಡೆ ಕೊಟೇಶನ್ ಕೇಳಿ, ಆದರೆ ಮೂರರಲ್ಲೂ ಐಡಿವಿ ಒಂದೇ ಇರಲಿ, ಆಡ್‌ಆನ್‌ಗಳೂ, ಅಂದರೆ ಹೆಚ್ಚಿಗೆ ಹಣ ಕೊಟ್ಟು ಸೇರಿಸುವ ರಕ್ಷಣೆಗಳೂ, ಒಂದೇ ಇರಲಿ.

ಕಾಗದದಲ್ಲಿ ಎರಡು ಭಾಗ ಇರುತ್ತದೆ. ಒಂದು ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ. ಇದರ ದರ ಸರಕಾರ ನಿಗದಿ ಮಾಡಿದ್ದು. 2022ರ ಜೂನ್ 1ರಿಂದ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಸ್ವಂತ ಕಾರಿಗೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕಿಂತ ಮೇಲೆ 7,897. ಇದರಲ್ಲಿ ಯಾರೂ ರಿಯಾಯಿತಿ ಕೊಡಲಾರರು, ಚರ್ಚೆ ಮಾಡಿ ಫಲವಿಲ್ಲ. ಇದಿಲ್ಲದೆ ರಸ್ತೆಗಿಳಿದರೆ ಮೊದಲ ಸಲ ದಂಡವೇ 2,000. ಇನ್ನೊಂದು ಭಾಗ ಓಡಿ (OD, ಓನ್ ಡ್ಯಾಮೇಜ್), ಅಂದರೆ ನಮ್ಮದೇ ಕಾರಿನ ಹಾನಿಗೆ. ಇದರ ದರ ಒಂದೊಂದು ಕಂಪನಿಯಲ್ಲಿ ಒಂದೊಂದು. ಮಾತಾಡಬೇಕಾದದ್ದು ಇಲ್ಲಿ. ಹೊಸ ಕಾರಿಗೆ ಥರ್ಡ್ ಪಾರ್ಟಿಯನ್ನು ಮೂರು ವರ್ಷಕ್ಕೆ ಒಟ್ಟಿಗೇ ಕಟ್ಟಿರುತ್ತೀರಿ. ಓಡಿಯನ್ನು ಮಾತ್ರ ಎರಡನೆಯ ವರ್ಷದಿಂದ ಬೇರೆ ಕಂಪನಿಯಲ್ಲಿ ಮಾಡಿಸಬಹುದು. ಮಂಗಳೂರಿನ ಶೋರೂಮಿನಿಂದ ಕಾರು ತಂದ ನಮ್ಮವರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ, ವರ್ಷ ವರ್ಷ ಅಲ್ಲಿಗೇ ಕಟ್ಟುತ್ತಾರೆ.

ಈಗ ನಾನು ಕೈ ಸುಟ್ಟುಕೊಂಡ ವಿಷಯ. ನನ್ನದು ಸ್ವಿಫ್ಟ್. ನಾಲ್ಕು ವರ್ಷ ಒಂದೂ ಕ್ಲೈಮ್ ಮಾಡದೆ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಹಾಕದವರಿಗೆ ಓಡಿಯಲ್ಲಿ ಸಿಗುವ ರಿಯಾಯಿತಿ, ಶೇ. 45ಕ್ಕೆ ಬಂದಿತ್ತು. ಅಂಗಳದಲ್ಲಿ ಹಿಂದೆ ತೆಗೆಯುವಾಗ ಮುರಕಲ್ಲಿನ ಪಾಗಾರಕ್ಕೆ (ಕಂಪೌಂಡ್ ಗೋಡೆಗೆ) ಬಂಪರ್ ಉಜ್ಜಿ ಒಡೆಯಿತು. ಗ್ಯಾರೇಜಿನವರು "ಇನ್ಶೂರೆನ್ಸ್ ಇದೆಯಲ್ಲ ಮೇಡಂ, ಕ್ಲೈಮ್ ಹಾಕುವ" ಎಂದರು, ನಾನೂ ಹೂಂ ಎಂದೆ. ಬಿಲ್ಲು 5,200. ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಸವಕಳಿ ಕಳೆದರು, 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ಕಳೆದರು. ಕೊಟ್ಟದ್ದು 2,650. ಮರುವರ್ಷ ಬೋನಸ್ ಸೊನ್ನೆ.

ಆ ದಿನ ರಾತ್ರಿ ಕೂತು ಲೆಕ್ಕ ಹಾಕಿದೆ. ಬೋನಸ್ ಏರುವುದು ಶೇ. 20, 25, 35, 45, 50 ಎಂಬ ಮೆಟ್ಟಿಲುಗಳಲ್ಲಿ. ಓಡಿ 7,000 ಎಂದೇ ಇಟ್ಟುಕೊಂಡರೆ, ಶೇ. 50 ಸಿಗಬೇಕಾದ ವರ್ಷ ಸೊನ್ನೆಯಾದ್ದರಿಂದ 3,500 ಹೋಯಿತು. ಅದರ ಮರುವರ್ಷ 2,100, ಆಮೇಲೆ 1,750, 1,050, 350. ಒಟ್ಟು 8,750, ಅದರ ಮೇಲೆ ಶೇ. 18 ಜಿಎಸ್‌ಟಿ. 2,650 ರೂಪಾಯಿಗಾಗಿ ನಾನು ಹತ್ತು ಸಾವಿರ ಕಳೆದುಕೊಂಡೆ. ಇವತ್ತಿಗೂ ಆ ಪಾಗಾರ ನೋಡುವಾಗ ಹೊಟ್ಟೆ ಉರಿಯುತ್ತದೆ. ಗೀರು, ಸಣ್ಣ ನೆಗ್ಗು, ಒಡೆದ ಬಂಪರ್ ಎಂದು ಕ್ಲೈಮಿಗೆ ಸಹಿ ಹಾಕುವ ಮೊದಲು ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ನೋಡಿ.

ಬೋನಸ್ ನಿಮ್ಮದು, ಕಾರಿನದಲ್ಲ. ಕಂಪನಿ ಬದಲಿಸಿದರೂ ನಿಮ್ಮ ಜೊತೆ ಬರುತ್ತದೆ. ಕಾರು ಮಾರುವಾಗ ಹಳೆಯ ಕಂಪನಿಯಿಂದ ಈ ಬೋನಸ್ಸಿನ (ಎನ್‌ಸಿಬಿ) ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಮೂರು ವರ್ಷದೊಳಗೆ ಕೊಳ್ಳುವ ಕಾರಿಗೆ ಅದು ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಹಳೆಯ ಮಾಲಿಕರ ಬೋನಸ್ ಸಿಗುವುದಿಲ್ಲ. ಯಾರಾದರೂ "ಹಾಕಿ ಕೊಡುತ್ತೇನೆ" ಎಂದರೆ ಒಪ್ಪಬೇಡಿ, ಕ್ಲೈಮ್ ಬಂದ ದಿನ ಅದೇ ಕುತ್ತಿಗೆಗೆ ಬರುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಬೋನಸ್ ಹೋಯಿತು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ದಿನ ಮರೆತು ಶೇ. 50 ಕಳೆದುಕೊಂಡವರು ನಮ್ಮ ಸಂಘದಲ್ಲೇ ಇಬ್ಬರಿದ್ದಾರೆ.

ಇನ್ನು 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯ ಸಾಲು. ಇದು ಕಡ್ಡಾಯ, ಆದರೆ ಗಾಡಿಗೊಂದರಂತೆ ಬೇಡ, ಒಬ್ಬರಿಗೆ ಒಂದೇ ಸಾಕು. ಸ್ಕೂಟರೂ ಕಾರೂ ಒಂದೇ ಹೆಸರಿನಲ್ಲಿದ್ದರೆ ಎರಡರಲ್ಲೂ ಕಟ್ಟಬೇಡಿ. ಇನ್ನೊಂದು ಪಾಲಿಸಿ ಇದೆ ಎಂದು ಬರೆದುಕೊಟ್ಟರೆ ಆ ಸಾಲು ತೆಗೆಯುತ್ತಾರೆ.

ಆಡ್‌ಆನ್‌ಗಳಲ್ಲಿ ನನ್ನ ಅಭಿಪ್ರಾಯ ಖಚಿತ. ಕೀ ಕಳೆದುಹೋದದ್ದಕ್ಕೆ, ಬ್ಯಾಗು ಕಳವಾದದ್ದಕ್ಕೆ ಎಂದು ಸೇರಿಸಿದ್ದೆಲ್ಲ ತೆಗೆಸಿ. ಝೀರೋ ಡೆಪ್, ಅಂದರೆ ಕ್ಲೈಮಿನಲ್ಲಿ ಬಿಡಿಭಾಗಗಳ ಸವಕಳಿ ಕಳೆಯದೆ ಕೊಡುವುದು, ಕಾರು ಹೊಸದಾಗಿರುವಷ್ಟು ವರ್ಷ ಇರಲಿ. ಎಂಜಿನ್ ಪ್ರೊಟೆಕ್ಟ್ ಸಿಗುವುದಾದರೆ ನಮ್ಮ ಕಡೆಯವರು ತೆಗೆಸಲೇಬಾರದು. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಕೆಟ್ಟರೆ ಸಾಧಾರಣ ಫುಲ್ ಇನ್ಶೂರೆನ್ಸಿನಲ್ಲಿ ಹಣ ಸಿಗುವುದು ಕಷ್ಟ. ಆಟಿ ತಿಂಗಳ ಮಳೆಗೆ ಮೋರಿ ತುಂಬಿ ರಸ್ತೆ ಕಾಣದ ದಿನ ಚೆರ್ಕಳದಿಂದ ಬದಿಯಡ್ಕಕ್ಕೆ ಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಾಲಂಟರಿ ಡಿಡಕ್ಟಿಬಲ್ ಎಂದರೆ ಪ್ರತಿ ಕ್ಲೈಮಿನಲ್ಲೂ ಇಷ್ಟು ಹಣ ನಾನೇ ಹಾಕುತ್ತೇನೆ ಎಂದು ಮೊದಲೇ ಒಪ್ಪಿಕೊಳ್ಳುವುದು. ಹಳೆಯ ದರಪಟ್ಟಿಯಂತೆ 2,500ಕ್ಕೆ ಓಡಿಯಲ್ಲಿ ಶೇ. 20 ಕಡಿತ, ಹೆಚ್ಚೆಂದರೆ 750 ರೂಪಾಯಿ. 15,000 ಒಪ್ಪಿಕೊಂಡರೂ ಕಡಿತ ಹೆಚ್ಚೆಂದರೆ 2,500. ಸಣ್ಣ ಕ್ಲೈಮ್ ಹೇಗೂ ಹಾಕುವುದಿಲ್ಲ ಎನ್ನುವವರಿಗೆ 2,500 ಒಪ್ಪಿಕೊಳ್ಳುವುದು ಒಳ್ಳೆಯದು. 15,000ದ್ದು ನಾನು ಯಾರಿಗೂ ಹೇಳುವುದಿಲ್ಲ.

ಕಾರು ಹಳೆಯದಾಯಿತು, ಥರ್ಡ್ ಪಾರ್ಟಿ ಮಾತ್ರ ಸಾಕು ಎಂದು ಕೆಲವರು ಕೇಳುತ್ತಾರೆ. ಕಾರು ನಿಲ್ಲಿಸುವ ಜಾಗ ನೋಡಿ ಹೇಳುತ್ತೇನೆ. ಶೆಡ್ಡಿನೊಳಗಿದ್ದು ಮಾರಿದರೂ ಐವತ್ತು ಸಾವಿರ ಬಾರದ ಕಾರಾದರೆ ಸರಿ. ತೆಂಗಿನ ಮರದಡಿ ನಿಲ್ಲಿಸುವವರು ಓಡಿಯನ್ನು ಬಿಡಬೇಡಿ.

ಅಪ್ಪಚ್ಚಿಯ ಕಾರು ಓಡುವುದು ಪೆರ್ಲ ಪೇಟೆಗೆ, ತಿಂಗಳಿಗೊಮ್ಮೆ ಸಾರಡ್ಕ ದಾಟಿ ವಿಟ್ಲಕ್ಕೆ. ವರ್ಷಕ್ಕೆ 4,000 ಕಿಲೋಮೀಟರೂ ಆಗುವುದಿಲ್ಲ. ಕಾರು ಎಷ್ಟು ಓಡಿತೋ ಅಷ್ಟಕ್ಕೆ ಮಾತ್ರ ಓಡಿಯ (OD) ಪ್ರೀಮಿಯಂ ಕಟ್ಟುವ ಪೇ ಆ್ಯಸ್ ಯು ಡ್ರೈವ್ ಆಡ್‌ಆನ್‌ಗೆ 2022ರಿಂದ ಅನುಮತಿ ಇದೆ. ಮೀಟರಿನ ಫೋಟೋ ತೆಗೆದು ಕಳಿಸಿದೆವು. ಸ್ಕೂಟರಿನಲ್ಲಿ ಅಪಘಾತ ವಿಮೆ ಇತ್ತು, ಕಾರಿನದು ತೆಗೆಸಿದೆವು. ಕೀಯ ಸಾಲು ತೆಗೆಸಿದೆವು. ಐಡಿವಿ 2,40,000ವೇ ಉಳಿಯಿತು, ಒಟ್ಟು ಮೊತ್ತದಲ್ಲಿ 1,640 ರೂಪಾಯಿ ಇಳಿಯಿತು. ಅಪ್ಪಚ್ಚಿ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಜೂನ್ ಹುಡುಕಿದರು, ಇರಲಿಲ್ಲ. ಪಂಚಾಂಗದ ಹಿಂದಿನ ರಟ್ಟಿನಲ್ಲಿ ತಾರೀಖು ಬರೆದಿಟ್ಟುಕೊಂಡರು.