ಕೆಂಪು ಕಾಗದದಲ್ಲಿ ಒಂದು ಸರಪಳಿ ಸೇತುವೆ

ಏಳನೇ ಸೈನಿಕನ ಕೈ ಕತ್ತರಿಸಿ ಹೋಯಿತು. ಮೂರು ದಿನದಿಂದ ಕೂತು ಕೊರೆಯುತ್ತಿದ್ದ ಹಾಳೆ ಅದು. ಬ್ಲೇಡು ಒಂದು ಕೂದಲೆಳೆಯಷ್ಟು ಮುಂದೆ ಹೋಯಿತು, ಅಷ್ಟೇ. ಅವನು ಹಿಡಿದಿದ್ದ ಸರಪಳಿ ಜೋತುಬಿತ್ತು. ಪಕ್ಕದ ಸರಪಳಿಯೂ ಸಡಿಲವಾಯಿತು. ಬ್ಲೇಡು ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತೆ.

ನಾನು ಧಾರವಾಡದವಳು. ಗಂಡನ ಕೆಲಸದಿಂದಾಗಿ ಚೀನಾದ ಶಿಯಾನ್ ಊರಿನಲ್ಲಿ ನಾಲ್ಕು ವರ್ಷ ಇದ್ದೆ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಮಗನ ಜೊತೆ ಒಬ್ಬ ಅಜ್ಜಿ ಇದ್ದರು. ಅವರು ಉತ್ತರದ ಆನ್ಸಾಯ್ ಕಡೆಯವರು. ಅದು ಯಾನಾನ್ ಪಕ್ಕದ ಸೀಮೆ, ಕಾಗದ ಕತ್ತರಿಸುವ ಕಲೆಗೆ ಹೆಸರಾದ ಜಾಗ. ಎಲ್ಲರೂ ಅವರನ್ನು ನೈನೈ ಅಂತಿದ್ದರು, ಅಂದರೆ ಅಜ್ಜಿ. ನಾನೂ ಹಾಗೇ ಕರೆದೆ. ವಾರಕ್ಕೆರಡು ದಿನ ಅವರ ಮನೆಯಲ್ಲಿ ಕೂತು ನನ್ನ ಹರಕುಮುರುಕು ಚೀನಿ ಭಾಷೆಯಲ್ಲಿ ಕಲಿತೆ.

ಈ ಕಲೆಗೆ ಅಲ್ಲಿ ಜಿಯಾನ್‌ಜಿ ಅಂತ ಹೆಸರು. ಶಿಯಾನ್ ಇರುವ ಶಾನ್ಸಿ ಪ್ರಾಂತದ ಉತ್ತರದ ಗುಡ್ಡಗಳಲ್ಲಿ ಜನ ಮಣ್ಣು ಕೊರೆದು ಗುಹೆಮನೆ ಮಾಡಿಕೊಂಡಿದ್ದರು. ಕಿಟಕಿಗೆ ಗಾಜಿಲ್ಲ, ಮರದ ಜಾಲರಿಗೆ ಬಿಳಿ ಕಾಗದ. ಹೊಸ ವರ್ಷಕ್ಕೆ ಆ ಕಾಗದ ಬದಲಾಯಿಸಿ ಅದರ ಮೇಲೆ ಕೆಂಪು ಹೂ, ಹುಂಜ, ಮೀನು ಕತ್ತರಿಸಿ ಅಂಟಿಸುತ್ತಿದ್ದರು. ಅದಕ್ಕೆ ಚುವಾಂಗ್‌ಹ್ವಾ, ಕಿಟಕಿ ಹೂ ಅಂತಾರೆ. ನಮ್ಮಲ್ಲಿ ಹೆಣ್ಣುಮಕ್ಕಳು ರಂಗೋಲಿ ಕಲಿತ ಹಾಗೇ ಅಲ್ಲಿ ತಾಯಿಯಿಂದ ಮಗಳಿಗೆ ಬಂದ ವಿದ್ಯೆ.

ಮೊದಲ ತಿಂಗಳು ಅಜ್ಜಿ ಒಂದೇ ಮಾತು ಹೇಳುತ್ತಿದ್ದರು. "ಕತ್ತರಿ ತಿರುಗಿಸಬೇಡ, ಕಾಗದ ತಿರುಗಿಸು." ಬಲಗೈ ಒಂದೇ ಕಡೆ ನಿಂತಿರಬೇಕು. ಎಡಗೈ ಕಾಗದವನ್ನು ಕತ್ತರಿಯ ಬಾಯಿಗೆ ಕೊಡುತ್ತಾ ಹೋಗಬೇಕು. ನನಗೆ ಇದು ಕೈಗೆ ಹತ್ತಲು ಸುಮಾರು ನಲವತ್ತು ಹುಂಜಗಳು ಬೇಕಾದವು.

ಹಳೇ ನಮೂನೆಯ ಪ್ರತಿ ತೆಗೆಯೋದನ್ನೂ ಒಂದು ದಿನ ತೋರಿಸಿದರು. ಹಲಗೆಯ ಮೇಲೆ ಬಿಳಿ ಕಾಗದ ಹಾಕಿದರು. ಅದರ ಮೇಲೆ ತಮ್ಮ ತಾಯಿ ಕತ್ತರಿಸಿದ್ದ ಹೂವನ್ನಿಟ್ಟು, ಬಾಯಿಂದ ನೀರು ಚಿಮುಕಿಸಿ ಒತ್ತಿದರು. ಹಲಗೆಯನ್ನು ಬೋರಲಾಗಿ ಹಿಡಿದು ಎಣ್ಣೆ ದೀಪದ ಹೊಗೆಯ ಮೇಲೆ ನಿಧಾನಕ್ಕೆ ಆಡಿಸಿದರು. ಕಾಗದವೆಲ್ಲ ಕಪ್ಪಾಯಿತು. ಒಣಗಿದ ಮೇಲೆ ಮೇಲಿನ ಹೂವನ್ನು ಉಗುರಿನಿಂದ ಎತ್ತಿದರು. ಕೆಳಗೆ ಮಸಿಯ ನಡುವೆ ಬೆಳ್ಳಗೆ ಅದೇ ಹೂ! ಮದುವೆಯಾಗಿ ಹೋಗುವ ಹುಡುಗಿಯರು ಇಂಥ ಮಸಿ ಹಾಳೆಗಳನ್ನು ಜೊತೆಗೆ ಒಯ್ಯುತ್ತಿದ್ದರಂತೆ.

ಕಮ್ಯುನಿಸ್ಟ್ ಕ್ರಾಂತಿಯ ಕಥೆ ಈ ಕಿಟಕಿಗಳಿಗೆ ಬಂದದ್ದು ಯಾನಾನ್ ಮೂಲಕ. ಅದು ಶಿಯಾನ್‌ನಿಂದ ಉತ್ತರಕ್ಕೆ ಸುಮಾರು 300 ಕಿಲೋಮೀಟರ್. ಕಮ್ಯುನಿಸ್ಟರ ನೆಲೆ ಹತ್ತು ವರ್ಷ ಅಲ್ಲಿತ್ತು. 1938ರಲ್ಲಿ ಅಲ್ಲಿ ಲು ಶುನ್ ಹೆಸರಿನ ಕಲಾಶಾಲೆ ಶುರುವಾಯಿತು. ಶಹರಗಳಿಂದ ಬಂದ ಕಲಾವಿದರು ಯುರೋಪಿನ ಶೈಲಿಯಲ್ಲಿ ಮರದ ಅಚ್ಚಿನ ಚಿತ್ರ ಮಾಡುತ್ತಿದ್ದರು. ನೆರಳು ತೋರಿಸಲು ಮುಖದ ಒಂದು ಪಕ್ಕಕ್ಕೆ ಕಪ್ಪು ತುಂಬುತ್ತಿದ್ದರು. ಹಳ್ಳಿಯವರಿಗೆ ಅದು ಹಿಡಿಸಲಿಲ್ಲ, ಅರ್ಧ ಮುಖ ಕಪ್ಪು ಯಾಕೆ ಅಂತ ಕೇಳಿದರು. ಗು ಯುವಾನ್ ಎಂಬ ಕಲಾವಿದ ಆ ಮಾತನ್ನು ಮನಸ್ಸಿಗೆ ತೆಗೆದುಕೊಂಡು ತನ್ನ ಚಿತ್ರವನ್ನೇ ಬರೀ ಗೆರೆಗಳಲ್ಲಿ ಮತ್ತೆ ಮಾಡಿದ. ಅವನೂ ಅವನ ಜೊತೆಯವರೂ ಹಳ್ಳಿಯ ಕಿಟಕಿ ಹೂಗಳನ್ನು ಸಂಗ್ರಹಿಸಿದರು, ಅದೇ ರೀತಿಯಲ್ಲಿ ಹೊಸದನ್ನು ಕತ್ತರಿಸಿದರು. ಹುಂಜದ ಜಾಗಕ್ಕೆ ಸೈನಿಕ ಬಂದ, ಅಕ್ಷರ ಕಲಿಯುವ ಹೆಂಗಸು ಬಂದಳು, ನೂಲುವ ರಾಟೆ ಬಂತು. ಕೇಳಿ ತಿದ್ದಿಕೊಂಡ ಆ ಗುಣಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ.

ಆ ಕ್ರಾಂತಿಯ ಕಥೆಗಳಲ್ಲಿ ನನ್ನ ಹಾಳೆಗೆ ನಾನು ಆರಿಸಿಕೊಂಡದ್ದು ಲೂಡಿಂಗ್ ಸೇತುವೆ. 1934ರ ಅಕ್ಟೋಬರಿನಲ್ಲಿ ದಕ್ಷಿಣದ ಜಿಯಾಂಗ್‌ಶಿ ಪ್ರಾಂತದಿಂದ ಕಮ್ಯುನಿಸ್ಟರ ಕೆಂಪು ಸೇನೆಯ ಸುಮಾರು 86,000 ಜನ ಹೊರಟರು. ಒಂದು ವರ್ಷದ ನಂತರ ಉತ್ತರ ಶಾನ್ಸಿ ಮುಟ್ಟಿದಾಗ ಎಂಟು ಸಾವಿರದಷ್ಟು ಉಳಿದಿದ್ದರು. ಅದೇ ಲಾಂಗ್ ಮಾರ್ಚ್. ದಾರಿಯಲ್ಲಿ, 1935ರ ಮೇ 29ರಂದು, ದಾದು ನದಿಯ ಮೇಲಿನ ಈ ಸರಪಳಿ ಸೇತುವೆ ದಾಟಿದರು. ಸುಮಾರು 100 ಮೀಟರ್ ಉದ್ದ, 13 ಸರಪಳಿ. 9 ಕೆಳಗೆ, ಎರಡೂ ಪಕ್ಕಕ್ಕೆ ಹಿಡಿಯಲು 2, 2. ಎದುರಾಳಿಗಳು ಹಲಗೆ ಕಿತ್ತುಹಾಕಿದ್ದರು, 22 ಜನ ಬರೀ ಸರಪಳಿ ಹಿಡಿದು ಮುಂದೆ ಹೋದರು ಅಂತ ಅಲ್ಲಿ ಎಲ್ಲರೂ ಹೇಳುವ ಕಥೆ. ಆ ಕಾಳಗ ಎಷ್ಟು ದೊಡ್ಡದಿತ್ತು ಅನ್ನೋದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ. ನಾನು ಕೊರೆದದ್ದು ಅಜ್ಜಿ ಚಿಕ್ಕಂದಿನಿಂದ ಕೇಳಿದ ಕಥೆಯನ್ನು.

ನನ್ನ ಮೊದಲ ನಕ್ಷೆ ಪೂರ್ತಿ ದಂಡವಾಯಿತು. ಫೋಟೊ ನೋಡಿ ಬರೆದಿದ್ದೆ. ಸರಪಳಿಗಳು ದೂರ ಹೋದಂತೆ ಒಂದಕ್ಕೊಂದು ಹತ್ತಿರವಾಗಿ ಆ ತುದಿಯಲ್ಲಿ ದಾರದಷ್ಟು ಸಣ್ಣಗಾಗುತ್ತಿದ್ದವು. ಕಾಗದದಲ್ಲಿ ದಾರದಷ್ಟು ಸಣ್ಣದು ನಿಲ್ಲೋದಿಲ್ಲ. ಅಜ್ಜಿ ನೋಡಿ ಕೇಳಿದರು, "9 ಸರಪಳಿ ಇದೆ ಅಂತೀಯ, ನನಗೆ ಮೂರೇ ಕಾಣ್ತಿದೆಯಲ್ಲ? ಇರೋದನ್ನೆಲ್ಲ ಕಾಣೋ ಹಾಗೆ ಬಿಡಿಸು." ಅವರ ಕಲೆಯಲ್ಲಿ ಪಕ್ಕಕ್ಕೆ ತಿರುಗಿದ ಮುಖಕ್ಕೂ ಎರಡು ಕಣ್ಣಿರುತ್ತವೆ. ದೂರದ್ದು ಚಿಕ್ಕದಾಗುವುದಿಲ್ಲ.

ಹಾಗಾಗಿ ಮಗ್ಗದ ಹಾಸಿನ ಹಾಗೆ 9 ಸರಪಳಿಗಳನ್ನು ಅಡ್ಡಕ್ಕೆ ಸಾಲಾಗಿ ಎಳೆದೆ. ಪ್ರತಿಯೊಂದೂ 4 ಮಿಲಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದ. ಎರಡೂ ತುದಿಗೆ ಸೇತುವೆಯ ಗೋಪುರದ ಮನೆಗಳು. ಪಟ್ಟಿಯೊಳಗೆ ಪುಟ್ಟ ಚಂದ್ರನ ಆಕಾರದ ತೂತುಗಳನ್ನು ಮೇಲೊಂದು ಕೆಳಗೊಂದು ಕೊರೆದರೆ ಸರಪಳಿಯ ಕೊಂಡಿಗಳಂತೆ ಕಾಣುತ್ತದೆ. ಈ ಅರ್ಧಚಂದ್ರ ಮತ್ತು ಗರಗಸದ ಹಲ್ಲು, ಇವೆರಡೇ ಈ ಕಲೆಯ ಮುಖ್ಯ ಗುರುತು. ನದಿಯ ಅಲೆಗೂ ಅರ್ಧಚಂದ್ರ ಬಳಸಿದೆ, ಕಥೆಯಲ್ಲಿ ಎದುರಾಳಿಗಳು ಆ ತುದಿಗೆ ಹಚ್ಚಿದ ಬೆಂಕಿಗೆ ಗರಗಸದ ಹಲ್ಲು.

ಇಲ್ಲಿ ಒಂದು ತೊಡಕು ಬಂತು. ಜಿಯಾನ್‌ಜಿಯಲ್ಲಿ ಎರಡು ಬಗೆ ಇದೆ. ಯಾಂಗ್ ಅಂದರೆ ಗೆರೆ ಉಳಿಸಿ ಸುತ್ತಲಿನದನ್ನು ತೆಗೆಯೋದು, ಯಿನ್ ಅಂದರೆ ಗೆರೆಯನ್ನೇ ತೆಗೆಯೋದು. ಯಾಂಗ್‌ನಲ್ಲಿ ಎಲ್ಲಾ ಗೆರೆಯೂ ಇನ್ನೊಂದಕ್ಕೆ ತಾಗಿರಲೇಬೇಕು. ತಾಗದಿದ್ದರೆ ಉದುರುತ್ತದೆ. 40 ಸೆಂಟಿಮೀಟರ್ ಉದ್ದದ ಪಟ್ಟಿಗಳು ಎರಡು ತುದಿ ಮಾತ್ರ ಹಿಡಿದರೆ ಮಧ್ಯದಲ್ಲಿ ನೂಡಲ್ಸ್ ಥರ ಜೋಲುತ್ತವೆ. ಹಲಗೆ ಹಾಕಿ ಕಟ್ಟೋಣ ಅಂದರೆ ಕಥೆಯಲ್ಲಿ ಹಲಗೆ ಇಲ್ಲ.

ಒಂದು ವಾರ ಯೋಚಿಸಿದೆ. ಉಳಿದದ್ದು ಸೈನಿಕರು ಮಾತ್ರ. ಒಬ್ಬೊಬ್ಬರ ಮೈಯನ್ನೂ ಮೂರು ಸರಪಳಿಗಳಿಗೆ ತಾಗುವ ಹಾಗೆ ಬರೆದೆ. ಒಂದನ್ನು ಕೈ ಹಿಡಿದಿದೆ, ನಡುವಿನದರ ಮೇಲೆ ಹೊಟ್ಟೆ ಊರಿದೆ, ಇನ್ನೊಂದಕ್ಕೆ ಕಾಲು ಸುತ್ತಿದೆ. 22 ಜನರನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಹಂಚಿದಾಗ ಪ್ರತಿ ಏಳೆಂಟು ಸೆಂಟಿಮೀಟರಿಗೆ ಒಂದು ಹಿಡಿತ ಸಿಕ್ಕಿತು. ಹಾಳೆ ಎತ್ತಿ ಹಿಡಿದರೂ ಸೇತುವೆ ಬಿಗಿಯಾಗಿ ನಿಂತಿತು. ಅಲಂಕಾರಕ್ಕೆ ಅಂತ ಒಬ್ಬನೂ ಇರಲಿಲ್ಲ.

ಅದಕ್ಕೇ ಏಳನೆಯವನ ಕೈ ಹೋದಾಗ ಅಷ್ಟು ಸಂಕಟವಾದದ್ದು.

ಇಷ್ಟು ಸಣ್ಣ ಕೆಲಸಕ್ಕೆ ನನ್ನ ಕತ್ತರಿ ಸಾಲದು, ಚಾಕುವೇ ಬೇಕು. ಅಜ್ಜಿ ಚಾಕು ಮುಟ್ಟುವವರಲ್ಲ, ಅದನ್ನು ನಾನೇ ಕಲಿತೆ. ಹೆಬೆಯ್ ಪ್ರಾಂತದ ಯೂಶಿಯಾನ್‌ನಲ್ಲಿ ಚಾಕುವಿನದೇ ಸಂಪ್ರದಾಯ, ಅಲ್ಲಿಯವರು ಬಿಳಿ ಕಾಗದ ಕೊರೆದು ಬಣ್ಣ ಹಚ್ಚುತ್ತಾರೆ. ಕಲಿಯುವವರಿಗೆ ನಾನು ಹೇಳೋದು ಇಷ್ಟು. ಬ್ಲೇಡನ್ನು ನೆಟ್ಟಗೆ ಹಿಡಿಯಿರಿ, ವಾಲಿಸಿದರೆ ಅಂಚು ಓರೆಯಾಗುತ್ತದೆ. ಮೊದಲು ಒಳಗಿನ ಸಣ್ಣ ತೂತು, ಆಮೇಲೆ ದೊಡ್ಡದು, ಹೊರಗಿನ ಅಂಚು ಕಟ್ಟಕಡೆಗೆ. ತುಂಡು ಬಿಡದಿದ್ದರೆ ಬೆರಳಿನಿಂದ ಎಳೆಯಬೇಡಿ, ಮೂಲೆಗೆ ಇನ್ನೊಮ್ಮೆ ಬ್ಲೇಡು ತಾಗಿಸಿ. ಹರಿದರೆ ಹಿಂದಿನಿಂದ ಅದೇ ಕಾಗದದ ತೆಳ್ಳನೆ ಚೂರು ಅಂಟಿಸಿ. ಏಳನೆಯವನ ಕೈಯನ್ನು ನಾನು ಸೇರಿಸಿದ್ದು ಹಾಗೇ. ಅಂಟು ಗಟ್ಟಿಯಾಗಿರಲಿ, ಸೂಜಿಮೊನೆಯಷ್ಟು ಸಾಕು. ನೀರು ಜಾಸ್ತಿಯಾದರೆ ಕೆಂಪು ಕಾಗದ ಬಣ್ಣ ಬಿಡುತ್ತದೆ. ನನ್ನ ಹಾಳೆಯ ಎಡ ಮೂಲೆಯಲ್ಲಿ ಆ ಕಲೆ ಈಗಲೂ ಇದೆ.

ಆಮೇಲೆ ಯಾನಾನ್ ನೋಡಲು ಹೋದೆ. ಗುಡ್ಡದ ಮೇಲಿನ 9 ಅಂತಸ್ತಿನ ಗೋಪುರ, ಕೆಳಗೆ ಯಾನ್ ನದಿ. ಬೆಳಿಗ್ಗೆ ಹೋಟೆಲಿನಲ್ಲಿ ಹಳದಿ ಗಂಜಿ ಕೊಟ್ಟರು. ಒಂದು ಚಮಚ ಬಾಯಿಗಿಟ್ಟೆ, ನವಣೆ! ಚೀನಾದಲ್ಲಿ ಆ ಕಾಲದ ಸೇನೆಯನ್ನು ನೆನೆಯುವಾಗ "ನವಣೆ ಮತ್ತು ಬಂದೂಕು" ಅಂತಾರೆ. ಅಲ್ಲಿಯವರೆಗೆ ಅದು ನನಗೆ ಬರೀ ಘೋಷಣೆಯಾಗಿತ್ತು. ಅವ್ವ ಮಾಡುವ ನವಣೆ ಅನ್ನದ ರುಚಿ ನಾಲಿಗೆಗೆ ಬಂದ ಮೇಲೆ ಆ ಜನ ನನಗೆ ಹತ್ತಿರದವರಾದರು. ಅದೇ ವಾರ ರಾಟೆ ಮುಂದೆ ಕೂತ ಹೆಂಗಸಿನ ಒಂದು ಪುಟ್ಟ ಹಾಳೆ ಕತ್ತರಿಸಿದೆ, ಕತ್ತರಿಯಲ್ಲೇ. ನಾಯಕರ ಭಾವಚಿತ್ರ ಎಲ್ಲರೂ ಮಾಡುತ್ತಾರೆ. ನನಗೆ ಈ ಹೆಂಗಸೇ ಇಷ್ಟ.

ಕಡೆಯದಾಗಿ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಅವರನ್ನು ಮಾಡಬೇಕು ಅನಿಸಿತು. ಅವರು ಸೊಲ್ಲಾಪುರದವರು. ನನ್ನ ಅತ್ತೆಯ ತವರೂ ಅದೇ, ಇಂದಿಗೂ ಕನ್ನಡ ಕಿವಿಗೆ ಬೀಳುವ ಊರು. 1938ರಲ್ಲಿ ಭಾರತದಿಂದ ಹೊರಟ ಐದು ವೈದ್ಯರಲ್ಲಿ ಒಬ್ಬರು, 1939ರಲ್ಲಿ ಯಾನಾನ್ ಮುಟ್ಟಿದರು. ಆಮೇಲೆ ಜಪಾನಿನ ವಿರುದ್ಧ ಯುದ್ಧ ನಡೆಯುತ್ತಿದ್ದ ಉತ್ತರ ಚೀನಾದ ಗುಡ್ಡಗಳಿಗೆ ಹೋಗಿ ಗಾಯಾಳುಗಳಿಗೆ ಆಪರೇಷನ್ ಮಾಡಿದರು. ನರ್ಸಿಂಗ್ ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಡಿಸೆಂಬರ್ 9ರಂದು, 32ನೇ ವಯಸ್ಸಿಗೆ, ಅಲ್ಲೇ ತೀರಿಕೊಂಡರು. ಮಗ ಇನ್ನೂ ಎಳೇ ಕೂಸು.

ಫೋಟೊ ನೋಡಿ ಮುಖ ಕೊರೆದೆ. ಬಲಗೆನ್ನೆಯ ನೆರಳನ್ನು ಹಾಗೇ ಉಳಿಸಿ, ಎಡಗೆನ್ನೆ ತೆಗೆದೆ. ಚೆನ್ನಾಗಿ ಬಂದಿದೆ ಅಂತ ಖುಷಿಯಿಂದ ಅಜ್ಜಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ ಮೆಲ್ಲಗೆ ಕೇಳಿದರು, "ಈ ಹುಡುಗನ ಮುಖಕ್ಕೆ ಏನಾಯಿತು? ಸುಟ್ಟಿತಾ?" ಗು ಯುವಾನ್ ಕಥೆ ಅಷ್ಟು ಓದಿಕೊಂಡಿದ್ದ ನಾನು ಅದೇ ತಪ್ಪು ಮಾಡಿದ್ದೆ, ಅಲ್ವಾ?

ಮತ್ತೆ ಶುರು ಮಾಡಿದೆ. ನೆರಳು ಬಿಟ್ಟೆ. ಹುಬ್ಬನ್ನು ಮೂಗಿನ ಗೆರೆಗೆ ಸೇರಿಸಿದೆ, ಕಣ್ಣಿನ ಮೂಲೆಯನ್ನು ಕೆನ್ನೆಯ ಅಂಚಿಗೆ, ತುಟಿಯನ್ನು ಸಣ್ಣ ಗೆರೆಯಿಂದ ಗಲ್ಲಕ್ಕೆ. ಎಡಕ್ಕೆ ಅವರು, ಬಲಕ್ಕೆ ಚಿಂಗ್‌ಲಾನ್, ನಡುವೆ ಕೂಸು. ಮಗನ ಹೆಸರು ಯಿನ್‌ಹ್ವಾ. ಯಿನ್ ಅಂದರೆ ಭಾರತ, ಹ್ವಾ ಅಂದರೆ ಚೀನಾ. ಗಂಡ ಹೆಂಡತಿಯ ಮೈ ಎಲ್ಲೂ ಒಂದಕ್ಕೊಂದು ತಾಗದಂತೆ ಬರೆದೆ. ಕೂಸಿನ ಒಂದು ಕೈ ಅಪ್ಪನ ಅಂಗಿಯ ಗುಂಡಿ ಹಿಡಿದಿದೆ, ಇನ್ನೊಂದು ಅಮ್ಮನ ಜಡೆ. ಹಾಳೆಯನ್ನು ಒಂದಾಗಿ ಹಿಡಿದಿರುವುದು ಆ ಎರಡು ಕೈಗಳೇ.

ಕಾಗದದ ಎಳೆ ಹೊಸೆದು ಹೊಲಿದು ನಾಲ್ಕು ಹಾಳೆ ಒಟ್ಟಿಗೆ ಕೊರೆದಿದ್ದೆ. ಕೆಳಗಿನ ಹಾಳೆಯಲ್ಲಿ ಬ್ಲೇಡು ಸರಿಯಾಗಿ ಇಳಿಯದೆ ಜಡೆ ಹರಿಯಿತು. ಮೂರು ಚೆನ್ನಾಗಿ ಬಂದವು. ಒಂದು ನನ್ನ ಹತ್ತಿರ ಇದೆ, ಒಂದು ಅತ್ತೆಗೆ ಕಳಿಸಿದೆ. ಇನ್ನೊಂದನ್ನು ಅಜ್ಜಿ ಕೇಳಿ ಇಸಕೊಂಡರು. ಅವತ್ತೇ ನೀರು ಚಿಮುಕಿಸಿ, ಹಲಗೆಗೆ ಒತ್ತಿ, ದೀಪ ಹಚ್ಚಿ ಅದರ ಮಸಿ ಪ್ರತಿ ತೆಗೆದಿಟ್ಟುಕೊಂಡರು.