ಬಿಸಿಲಿಗೆ ನಿಲ್ಲಿಸಿದರೆ ಮುಷ್ಕರ ಹೂಡುತ್ತಿದ್ದ ಕಾರು

“ಮಾರಿಬಿಡಿ, ಇದು ವಾಸಿಯಾಗುವ ರೋಗವಲ್ಲ” ಎಂದು ಮೂರನೆಯ ಮೆಕ್ಯಾನಿಕ್ ಕೈತೊಳೆದುಕೊಂಡಾಗ ನನಗೆ ಹಟ ಬಂತು.

ಹದಿನೈದು ವರ್ಷ ಓಡಿದ ಪೆಟ್ರೋಲ್ ಕಾರು. ಬೆಳಗ್ಗೆ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್. ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿ ಹೊರಟರೆ ಮಾತ್ರ ರಗಳೆ: ಒಂದೆರಡು ಕಿಲೋಮೀಟರಿಗೆ ಮುಗ್ಗರಿಸಿ ನಿಂತುಬಿಡುತ್ತಿತ್ತು. ಕಿಟಕಿ ಇಳಿಸಿ ಇಪ್ಪತ್ತು ನಿಮಿಷ ಕುಳಿತರೆ ಏನೂ ನಡೆದೇ ಇಲ್ಲವೆಂಬಂತೆ ಹೊರಡುತ್ತಿತ್ತು. ಸ್ಕ್ಯಾನರ್ ಹಾಕಿದರೆ ದೋಷ ಹೇಳುವ ಒಂದು ಕೋಡೂ ಇಲ್ಲ.

ಪ್ಲಗ್, ಕಾಯಿಲ್, ಫಿಲ್ಟರ್, ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್, ಕೊನೆಗೆ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಫ್ಯೂಯೆಲ್ ಪಂಪ್. ಇವುಗಳಿಗೆ ಸುರಿದ ದುಡ್ಡಿನಲ್ಲಿ ನಾಲ್ಕೂ ಟೈರು ಹೊಸದು ಹಾಕಿಸಿ ಬ್ಯಾಟರಿಯನ್ನೂ ಬದಲಿಸಬಹುದಿತ್ತು. ಅರ್ಧದಷ್ಟನ್ನು ಪಂಪ್ ಒಂದೇ ನುಂಗಿತು. ಅದನ್ನು ಹಾಕಿಸಿದ ನಾಲ್ಕನೆಯ ದಿನವೇ ಕಾರು ಮತ್ತೆ ನಿಂತಿತು.

ನಡುವೆ ಒಂದು ಹುಚ್ಚಾಟವೂ ನಡೆಯಿತು. ಪೆಟ್ರೋಲ್ ಆವಿಯಾಗುತ್ತಿರಬಹುದೆಂದು ಹಿರಿಯರೊಬ್ಬರು ಹೇಳಿದ್ದನ್ನು ಕೇಳಿ ಪೈಪಿಗೆ ಒದ್ದೆಬಟ್ಟೆ ಸುತ್ತಿದೆ. ಸ್ಟಾರ್ಟ್ ಆಯಿತು! ಒಂದು ವಾರ ಅದನ್ನೇ ನಂಬಿದ್ದೆ. ಪೆಟ್ರೋಲನ್ನು ಸುಲಭಕ್ಕೆ ಆವಿಯಾಗಲು ಬಿಡದ, ಮೂರು ಬಾರ್ ಒತ್ತಡದ ಇಂಜೆಕ್ಷನ್ ಗಾಡಿಗೆ ಕಾರ್ಬ್ಯುರೇಟರ್ ಕಾಲದ ಮದ್ದು ಹೇಗೆ ನಾಟೀತು? ನೀರು ಹುಡುಕಿ, ಬಟ್ಟೆ ನೆನೆಸಿ, ಸುತ್ತುವಷ್ಟರಲ್ಲಿ ಹೇಗೂ ಇಪ್ಪತ್ತು ನಿಮಿಷ ಕಳೆದಿರುತ್ತಿತ್ತು.

ಪಂಪಿಗೆ ಕರೆಂಟು ಸರಿಯಾಗಿದೆ ಎಂದು ಮೂವರೂ ಹೇಳಿದ್ದರು. ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದರೆ ಹನ್ನೆರಡು ವೋಲ್ಟ್ ತೋರಿಸದೆ ಇನ್ನೇನು? ಪಂಪಿನ ಭಾರ ಹೊರಿಸದೆ ನೋಡಿದರೆ ಕೂದಲೆಳೆಯಷ್ಟು ಸಂಪರ್ಕವಿದ್ದರೂ ಮೀಟರಿಗೆ ಅದೇ ಸಾಕು. ನಾನು ಕನೆಕ್ಟರನ್ನು ಬಿಚ್ಚದೆ, ಪಂಪಿನ ತಂತಿಯಿಂದ ಫ್ಯೂಸ್ ಸಹಿತ ಒಂದೆಳೆ ತೆಗೆದು ಐದು ವಾಟಿನ ಬಲ್ಬನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿದೆ. “ದೀಪಾವಳಿ ಇನ್ನೂ ದೂರವಿದೆ” ಎಂದು ಮನೆಯವರು ನಕ್ಕರು.

ಎಂಜಿನ್ ತಾನಾಗಿ ನಿಂತರೂ ಒಂದೆರಡು ಸೆಕೆಂಡಿನಲ್ಲಿ ಕಾರಿನ ಕಂಪ್ಯೂಟರ್ ಪಂಪನ್ನು ನಿಲ್ಲಿಸುತ್ತದೆ. ಹಾಗಾಗಿ ಮೊದಲು ಹೋಗುವುದು ಎಂಜಿನ್ನೋ ಬಲ್ಬೋ ಎಂಬುದೇ ನನಗೆ ಬೇಕಿತ್ತು. ಒಂಬತ್ತನೆಯದೋ ಹತ್ತನೆಯದೋ ದಿನ ಕಣ್ಣೆದುರೇ ಬಲ್ಬು ಪಕ್ಕನೆ ಆರಿತು. ಎಂಜಿನ್ ಮಾತ್ರ ಪೈಪಿನಲ್ಲಿ ಉಳಿದ ಒತ್ತಡದಲ್ಲಿ ಇನ್ನೊಂದು ಕ್ಷಣ ಓಡಿ, ಆಮೇಲೆ ಕೆಮ್ಮಿ ನಿಂತಿತು. ಅಂದರೆ ಮೊದಲು ಹೋಗುತ್ತಿದ್ದುದು ಪಂಪಿನ ಕರೆಂಟು; ತಪ್ಪು ಪಂಪಿನದೂ ಅಲ್ಲ, ಸೆನ್ಸರಿನದೂ ಅಲ್ಲ.

ಉಳಿದದ್ದು ಡ್ಯಾಶ್‌ಬೋರ್ಡಿನ ಕೆಳಗಿನ ರಿಲೇ, ಅಂದರೆ ಪಂಪಿಗೆ ಕರೆಂಟು ಬಿಡುವ ಸ್ವಿಚ್ಚು. ಮನೆಯ ಮುಂದೆ ಎಂಜಿನ್ ಓಡುತ್ತಿರುವಾಗ ಅದಕ್ಕೆ ಹೇರ್ ಡ್ರೈಯರ್ ಹಿಡಿದೆ. ಐದಾರು ನಿಮಿಷಕ್ಕೆ ಬಲ್ಬು ಆರಿತು. ಒದ್ದೆ ಬಟ್ಟೆಯಿಂದ ತಣ್ಣಗಾದ ಮೇಲೆ ಮತ್ತೆ ಸರಿ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಒದ್ದೆಬಟ್ಟೆಯ ಹಿರಿಯರು ಜಾಗವನ್ನಷ್ಟೇ ತಪ್ಪಿದ್ದರು!

ಆ ರಿಲೇಯ ಹೊದಿಕೆಯನ್ನು ಅದರ ಕೊಕ್ಕೆಗಳು ಮುರಿಯದಂತೆ ಬಿಚ್ಚುವುದು ಹೇಗೆಂದು ಕಂಡುಕೊಳ್ಳಲು ಒಂದು ಸಂಜೆ ಹಿಡಿಯಿತು. ಅದು ನನ್ನಲ್ಲೇ ಇರಲಿ. ಒಳಗೆ ಪುಟ್ಟ ಸರ್ಕ್ಯೂಟ್ ಬೋರ್ಡು. ಭೂತಗನ್ನಡಿ ಹಿಡಿದರೆ ದಪ್ಪ ಪಿನ್ನಿನ ಸುತ್ತ ಬೆಸುಗೆಯಲ್ಲಿ ಉಂಗುರದಂಥ ಕಪ್ಪು ಬಿರುಕು. ಹಳೆಯ ಸೀಸ ಹೀರಿ ತೆಗೆದು ಹೊಸದಾಗಿ ಬೆಸೆದೆ. ಅದಕ್ಕೆ ತಗುಲಿದ ಖರ್ಚನ್ನು ಖರ್ಚೆಂದು ಬರೆಯಲೂ ನಾಚಿಕೆ.

ಎರಡು ಬೇಸಿಗೆ ಕಳೆದಿವೆ, ಕಾರು ಒಮ್ಮೆಯೂ ನಿಂತಿಲ್ಲ. ಹಳೆಯ ಪಂಪ್ ಅಟ್ಟದ ಮೇಲಿದೆ, ಚೆನ್ನಾಗಿಯೇ ಇದೆ. ಕಳೆದ ತಿಂಗಳು ಅದೇ ಮೂರನೆಯ ಮೆಕ್ಯಾನಿಕ್ ಬೇರೆ ಯಾರದೋ ಕಾರಿನ ರಿಲೇಯನ್ನು ಕಾಗದದಲ್ಲಿ ಸುತ್ತಿ ತಂದು, “ಸ್ವಲ್ಪ ಬಿಚ್ಚಿ ನೋಡುತ್ತೀರಾ?” ಎಂದು ಕೇಳಿದರು.